ಭೂಮಿಯ ಆಚೆ ಬದಿಗೆ ಒಂದು ಮನವಿ

ಹೊರಡುವ ಮೊದಲು

ಕೈಲಾಂಚದ ಕಡೆಯ ನಮ್ಮ ಗುಡ್ಡದ ಬುಡದಲ್ಲಿ ಒಂದು ಹಾರೆ ನೆಟ್ಟು, ಅದನ್ನು ಭೂಮಿಯ ನಡುವಿನಿಂದ ಆಚೆಗೆ ತೂರಿಸಲು ಸಾಧ್ಯವಿದ್ದರೆ, ತುದಿ ಶಾಂತಸಾಗರದ ನೀರಿನಲ್ಲಿ ಮೇಲೆದ್ದೀತು. ಅಲ್ಲಿಂದ ಪೂರ್ವಕ್ಕೆ ಹೋದರೆ ಸಿಗುವ ನೆಲ ಪೆರು ಮತ್ತು ಚಿಲಿ ದೇಶಗಳದು. ಚಿಲಿಯಲ್ಲಿ ನೆಲ ಆಗಾಗ ನಡುಗುತ್ತದೆ. ಜೋರಾಗಿ ನಡುಗಿದಾಗ ಹುಟ್ಟಿದ ಅಲೆ ಭೂಮಿಯ ಹೊಟ್ಟೆಯೊಳಗಿಂದ ಹಾದು ಸುಮಾರು ಇಪ್ಪತ್ತು ನಿಮಿಷದಲ್ಲಿ ನಮ್ಮ ಗುಡ್ಡಕ್ಕೆ ಬಂದು ಮುಟ್ಟುತ್ತದೆ. ನಮ್ಮೂರಿನಿಂದ ಹೊರಟ ಬಸ್ಸು ಅಷ್ಟರಲ್ಲಿ ರಾಮನಗರ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಆ ಅಲೆಯನ್ನು ಹಿಡಿಯುವ ಯಂತ್ರವೊಂದು ಕೆಲವು ವರ್ಷ ನನ್ನ ಜಮೀನಿನ ಮೂಲೆಯ ಕಲ್ಲುಮನೆಯಲ್ಲಿ ಇತ್ತು. ಹೊರದೇಶದ ಒಂದು ವಿಶ್ವವಿದ್ಯಾಲಯದವರು ಇಟ್ಟದ್ದು. ಅವರಿಗೆ ಬೇಕಾದದ್ದು ಗಟ್ಟಿ ಬಂಡೆ ಮತ್ತು ನಿಶ್ಶಬ್ದ. ಬಂಡೆ ನಮ್ಮಲ್ಲಿ ಬೇಕಾದಷ್ಟಿದೆ. ನಿಶ್ಶಬ್ದವನ್ನು ಕಾಯಲು ನಾನಿದ್ದೆ. ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ಹಾಸ್ಟೆಲ್ ವಾರ್ಡನ್ ಆಗಿಯೂ ದುಡಿದವನು. ಏಳುವುದಕ್ಕೆ, ನೀರು ಕುಡಿಯುವುದಕ್ಕೆ, ಚಪ್ಪಲಿ ಬಿಡುವುದಕ್ಕೆ ನನ್ನಲ್ಲಿ ಹೊತ್ತು ಮತ್ತು ಜಾಗ ನಿಗದಿಯಾಗಿವೆ. ಕಲ್ಲುಮನೆಯ ಹತ್ತಿರ ಟ್ರ್ಯಾಕ್ಟರ್ ತಿರುಗಿಸಬಾರದು, ಹುಡುಗರು ಓಡಬಾರದು, ಒಳಗೆ ಹೋಗುವವರು ಬರಿಗಾಲಲ್ಲಿ ಹೋಗಬೇಕು ಎಂದು ನಿಯಮ ಮಾಡಿದೆ. ಊರು ಪಾಲಿಸಿತು.

ಪಾಲಿಸಿದ್ದಕ್ಕೆ ಕಾರಣ ನನ್ನ ಮೇಲಿನ ಗೌರವವಲ್ಲ. ಗುಡ್ಡದ ಹಿಂಬದಿಯಲ್ಲಿ ಕಲ್ಲು ಕ್ವಾರಿ ಇದೆ, ಪಕ್ಕದಲ್ಲೇ ಜಲ್ಲಿ ಕ್ರಷರ್. ಮಧ್ಯಾಹ್ನ ಸೈರನ್ ಊದುತ್ತಾರೆ, ಆಮೇಲೆ ಬಂಡೆ ಸಿಡಿಸುತ್ತಾರೆ. ಸೈರನ್ ಕೇಳಿದೊಡನೆ ನನ್ನ ಹೆಂಡತಿ ಜಯಮ್ಮ ಅಡುಗೆಮನೆಯ ಹಲಗೆಯ ಮೇಲಿನ ಗಾಜಿನ ಲೋಟಗಳನ್ನು ಕೆಳಗಿಳಿಸುತ್ತಾಳೆ; ಸದ್ದು ಅಡಗಿದ ಮೇಲೆ ಮತ್ತೆ ಜೋಡಿಸುತ್ತಾಳೆ. ನಮ್ಮ ನಡುಮನೆಯ ಗೋಡೆಯಲ್ಲಿ ಸೂರಿನಿಂದ ಕಿಟಕಿಯವರೆಗೆ ಬಿರುಕು ಬಿಟ್ಟಿದೆ. ಊರಿನಲ್ಲಿ ಬಿರುಕಿಲ್ಲದ ಗೋಡೆ ಹುಡುಕಬೇಕು.

ಕ್ವಾರಿಯನ್ನು ನಮ್ಮ ಬದಿಗೂ ವಿಸ್ತರಿಸಲು ಗುತ್ತಿಗೆದಾರ ಅರ್ಜಿ ಹಾಕಿದಾಗ ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದಿದ್ದ. ಕಲ್ಲುಮನೆಯೊಳಗೆ ಇಣುಕಿ ನೋಡಿ, ಇಂಥ ಯಂತ್ರ ಇಲ್ಲಿರುವವರೆಗೆ ಈ ಬದಿಗೆ ಅನುಮತಿ ಸಿಗುವುದು ಕಷ್ಟ ಎಂದು ಹೇಳಿ ಹೋದ. ಅಂದಿನಿಂದ ಊರಿನ ಪಾಲಿಗೆ ಆ ಯಂತ್ರ ಗುಡ್ಡದ ಕಾವಲುಗಾರ. ಭೂಮಿಯ ಒಳಗೆ ಏನಿದೆ ಎಂಬುದು ಯಾರಿಗೂ ಬೇಕಿರಲಿಲ್ಲ.

ಇಷ್ಟರಲ್ಲಿ, ಹಲವು ದೇಶಗಳಲ್ಲಿ ಇಂಥ ಯಂತ್ರ ಇಟ್ಟಿದ್ದ ಅವರ ಯೋಜನೆಯ ಒಂದು ಹಂತ ಮುಗಿಯಿತು. ಯಾವ ಯಂತ್ರ ಉಳಿಸಬೇಕು, ಯಾವುದನ್ನು ಎತ್ತಬೇಕು ಎಂದು ತೀರ್ಮಾನಿಸಲು ಚಿಲಿಯಲ್ಲಿ ಸಭೆ ಇಟ್ಟುಕೊಂಡರು. ಯಂತ್ರಗಳಿಗೆ ಜಾಗ ಕೊಟ್ಟವರಲ್ಲಿ ಕೆಲವರಿಗೂ ಕರೆ ಬಂತು. ನಾನು ಒಪ್ಪಿಕೊಂಡದ್ದು ದೇಶ ನೋಡುವ ಆಸೆಯಿಂದಲ್ಲ. ಯಂತ್ರವನ್ನು ಉಳಿಸಿಕೊಡಿ ಎಂದು ಎದುರಿಗೆ ನಿಂತು ಕೇಳಬೇಕಿತ್ತು. ಹೊರಡುವ ದಿನ ಜಯಮ್ಮ ಪೆಟ್ಟಿಗೆಯ ಬೀಗ ಎಳೆದು ನೋಡುತ್ತಾ ಹೇಳಿದ್ದು ಒಂದೇ ಮಾತು: "ಅಷ್ಟು ದೂರ ಹೋಗಿ ಬರಿಗೈಲಿ ಬರಬ್ಯಾಡಿ."

ಸ್ಯಾಂಟಿಯಾಗೊ: ಗೂಡುಗಳ ಜಪ್ತಿ

ನನ್ನ ಜೊತೆಗಾರ ಪುಟ್ಟಮಾದೇಗೌಡ, ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವನು. ವಯಸ್ಸಿನಲ್ಲಿ ನನ್ನ ಸರೀಕ. ರೇಷ್ಮೆ ಬೆಳೆಯುತ್ತಾನೆ. ಅವನ ಹಿಪ್ಪುನೇರಳೆ ತೋಟದ ಕೊಟ್ಟಿಗೆಯಲ್ಲಿ ಅದೇ ಯೋಜನೆಯ ಇನ್ನೊಂದು ಯಂತ್ರವಿತ್ತು. ನಾನು ಒಮ್ಮೆ ಹೋಗಿ ನೋಡಿದಾಗ ಅದರ ಪೆಟ್ಟಿಗೆಗೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿದ್ದ. ಮುಚ್ಚಳದ ಮೇಲೆ ಕುಡುಗೋಲು. ನಾನು ಗದರಿಸಿದ್ದಕ್ಕೆ ಅವನು, "ಅದೂ ಸುಮ್ಕೆ ಕುಂತೈತೆ, ಇದೂ ಸುಮ್ಕೆ ಕುಂತೈತೆ. ಜಗಳ ಇಲ್ಲ ಕಣ್ ಮೇಷ್ಟ್ರೇ" ಅಂದಿದ್ದ.

ಎರಡು ಕಡೆ ವಿಮಾನ ಬದಲಿಸಿ ಸ್ಯಾಂಟಿಯಾಗೊದಲ್ಲಿ ಇಳಿದಾಗ ಕಾಲುಗಳು ನನ್ನವಲ್ಲ ಎನ್ನಿಸಿತ್ತು. ಚಿಲಿಯವರು ಹೊರಗಿನ ಬೀಜ, ಹಣ್ಣು, ಹುಳಹುಪ್ಪಟೆ ಒಳಗೆ ಬರದಂತೆ ಕಟ್ಟುನಿಟ್ಟು ಮಾಡುತ್ತಾರೆ. ತಂದದ್ದನ್ನು ತಾವಾಗಿ ಹೇಳಿಕೊಳ್ಳಬೇಕೆಂದು ಫಲಕವಿತ್ತು. ನಾನು ಹೇಳಿಕೊಂಡೆ. ಜಯಮ್ಮ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿಪುಡಿ, ಹುರಿಗಡಲೆ, ಒಣಕೊಬ್ಬರಿ, ಒಂದೊಂದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಅಧಿಕಾರಿಣಿ ನನ್ನ ಶಿಸ್ತಿಗೆ ತಲೆದೂಗಿದಳು. ಆಮೇಲೆ ಒಂದೊಂದನ್ನೂ ಸಾಲಾಗಿ ತೊಟ್ಟಿಗೆ ಹಾಕಿದಳು.

ಪುಟ್ಟಮಾದೇಗೌಡ ಏನೂ ಹೇಳಿಕೊಳ್ಳಲಿಲ್ಲ. ಅವನ ಕೈಚೀಲವನ್ನು ನಾಯಿಯೊಂದು ಮೂಸಿ ಕುಳಿತುಬಿಟ್ಟಿತು. ಚೀಲದ ತುಂಬ ರೇಷ್ಮೆ ಗೂಡು. ಅಲ್ಲಿಯವರಿಗೆ ಉಡುಗೊರೆ ಎಂದು ತಂದಿದ್ದ. ಬಿಳಿ ಗೂಡುಗಳನ್ನು ಮೇಜಿನ ಮೇಲೆ ಸುರಿದು, ಇದು ಮೊಟ್ಟೆಯೇ, ಔಷಧಿಯೇ ಎಂದು ಅವರು ತಮ್ಮಲ್ಲಿ ಚರ್ಚಿಸತೊಡಗಿದರು. ಗೌಡ ಒಂದನ್ನು ಎತ್ತಿಕೊಂಡು, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಮಾಡುವಂತೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಹುಳು ಗಟ್ಟಿಯಾಗಿದ್ದರೆ ಲೊಟಲೊಟ ಸದ್ದು ಬರುತ್ತದೆ. ಅಚ್ಚ ಕನ್ನಡದಲ್ಲಿ "ಕೇಳ್ಸ್ಕಳವ್ವ, ಒಳಗ್ ಗಟ್ಟಿಯಾಗೈತೆ" ಎಂದು ಅದನ್ನು ಅಧಿಕಾರಿಣಿಯ ಕಿವಿಗೆ ಹಿಡಿದ. ಅವಳು ನಕ್ಕಳು, ಪಕ್ಕದವನನ್ನು ಕರೆದಳು. ಸ್ವಲ್ಪ ಹೊತ್ತು ಆ ಮೇಜಿನ ಸುತ್ತ ಸಮವಸ್ತ್ರದವರೆಲ್ಲ ಗೂಡು ಅಲ್ಲಾಡಿಸುತ್ತಾ ನಿಂತರು. ಗೂಡುಗಳು ತೊಟ್ಟಿ ಸೇರಿದವು ನಿಜ. ಆದರೆ ಆ ನಗುವಿನ ಗಲಾಟೆಯಲ್ಲಿ ಗೌಡನ ದೊಡ್ಡ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ.

ಹೊರಗೆ ಬಂದ ಮೇಲೆ ಅವನು ಪೆಟ್ಟಿಗೆ ತಟ್ಟಿ, ಇದರಲ್ಲಿಯೂ ಹುಚ್ಚೆಳ್ಳು ಪುಡಿ ಇದೆ, ಬೇಕಾದರೆ ಒಸಿ ತಗೊಳ್ಳಿ ಎಂದ. ಬೇಡ ಎಂದೆ. ಕದ್ದು ತಂದದ್ದನ್ನು ನಾನು ತಿನ್ನುವವನಲ್ಲ.

ಯೋಜನೆಯವರು ಯಂತ್ರ ಇಡಲು ಬಂದಾಗ ಅದರ ಕೆಲಸವೇನೆಂದು ಊರಿಗೆ ಎಷ್ಟು ಹೇಳಿದರೂ ತಿಳಿದಿರಲಿಲ್ಲ. ನಾನು ತಿಳಿಯ ಹೇಳಿದ್ದು ಇದೇ ಗೂಡಿನಿಂದ. ಗೂಡನ್ನು ಕೊಯ್ಯದೆ ಒಳಗೇನಿದೆ ಎಂದು ಸದ್ದಿನಿಂದ ತಿಳಿಯುವ ಹಾಗೆ, ಭೂಮಿಯನ್ನು ಕೊಯ್ಯದೆ ಅದರ ಒಳಗನ್ನು ಭೂಕಂಪದ ಅಲೆಗಳಿಂದ ತಿಳಿಯುತ್ತಾರೆ. ಅಲ್ಲಾಡಿಸುವ ಕೈ ಮಾತ್ರ ಮನುಷ್ಯನದಲ್ಲ.

ಆಂತೊಫಗಾಸ್ತ: ಲೋಟಗಳ ಮುಂದೆ ತಂತಿ

ಸಭೆ ಇದ್ದದ್ದು ಉತ್ತರದ ಬಂದರೂರು ಆಂತೊಫಗಾಸ್ತದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು. ಮಾಗಡಿ ಕಡೆಯ ಒಣಭೂಮಿಯನ್ನು ಬಂಜರು ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು. ಮಳೆ ಎಂಬುದು ಅಲ್ಲಿ ಅಜ್ಜಂದಿರು ಹೇಳುವ ಸುದ್ದಿ. ಬೀದಿನಾಯಿಗಳು ಮಾತ್ರ ದಷ್ಟಪುಷ್ಟ. ಚಳಿಗೆಂದು ಯಾರೋ ಅವಕ್ಕೆ ಹಳೆಯ ಅಂಗಿ ತೊಡಿಸಿರುತ್ತಾರೆ.

ಜನ ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಯೋಜನೆಯ ಮುಖ್ಯಸ್ಥೆ ಮಾರ್ತಾ ಎಂಬ ಭೂಕಂಪ ವಿಜ್ಞಾನಿ. ನಲವತ್ತು ದಾಟಿದ ಗಂಭೀರ ಹೆಂಗಸು. ಅವಳು ನಮ್ಮನ್ನು ಎದುರುಗೊಂಡು ಮುಖ ಮುಂದೆ ತಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದೆ. ಪುಟ್ಟಮಾದೇಗೌಡ ಸರಿಯಲಿಲ್ಲ. ಆಮೇಲೆ ನನ್ನ ಕಿವಿಯಲ್ಲಿ, "ಇದ್ನ ಊರಲ್ ಹೇಳ್ಬುಟ್ಟೀರಾ ಮೇಷ್ಟ್ರೇ, ನಮ್ಮವಳು ಬಾಗ್ಲು ತೆಗೆಯಕಿಲ್ಲ" ಅಂದ.

ನಮ್ಮನ್ನು ಇಳಿಸಿದ್ದು ಎಲ್ಬಾ ಎಂಬ ವಿಧವೆಯ ಮನೆಯಲ್ಲಿ. ಸಂಜೆ ಅಲ್ಲಿ ಊಟವಿಲ್ಲ. ಚಹಾ, ಬ್ರೆಡ್ಡು, ಅದಕ್ಕೆ ಹಚ್ಚಲು ಜಜ್ಜಿದ ಬೆಣ್ಣೆಹಣ್ಣು. ಇಷ್ಟಕ್ಕೇ ಮಲಗುತ್ತಾರೆ. ಮುದ್ದೆ ಉಂಡ ಹೊಟ್ಟೆಗೆ ಇದು ಯಾವ ಮೂಲೆಗೆ. ಆದರೆ ಆ ಮನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಹಲಗೆ. ಲೋಟಗಳ ಮುಂದೆ ಈ ಕೊನೆಯಿಂದ ಆ ಕೊನೆಗೆ ಒಂದು ತಂತಿ ಬಿಗಿದಿದ್ದಳು. ನೆಲ ನಡುಗಿದರೆ ಲೋಟಗಳು ತಂತಿಗೆ ತಾಗಿ ನಿಲ್ಲುತ್ತವೆ. ಇದೊಂದನ್ನು ಜಯಮ್ಮನಿಗೆ ಹೇಳಬೇಕು ಎಂದುಕೊಂಡೆ. ಮರುಗಳಿಗೆಯೇ ನಾಚಿಕೆಯಾಯಿತು. ಇವರಿಗೆ ತಂತಿ ಬಿಗಿಯುವಂತೆ ಮಾಡಿದ್ದು ಭೂಮಿ. ನಮಗೆ ಯಾರು?

ನಿಮ್ಮಲ್ಲಿ ನಡುಗುತ್ತದೆಯೇ ಎಂದು ಎಲ್ಬಾ ಮಾರ್ತಾಳ ಮೂಲಕ ಕೇಳಿದಳು. ಇಲ್ಲ, ನಮ್ಮದು ಬಹಳ ಹಳೆಯ ಬಂಡೆ, ತಾನಾಗಿ ಅಲುಗುವುದಿಲ್ಲ ಎಂದೆ. ಹಾಗಾದರೆ ಯಂತ್ರ ಯಾಕೆ ಎಂದಳು. ನಿಮ್ಮ ನಡುಕ ಕೇಳಲು ಎಂದೆ. ಅವಳಿಗೆ ಹೆಮ್ಮೆಯಾಗಿರಬೇಕು, ಇನ್ನೊಂದು ಬ್ರೆಡ್ಡು ಹಾಕಿದಳು.

ಮರುಭೂಮಿಯ ಸುರಂಗ

ಸಭೆಯ ಹಿಂದಿನ ದಿನ ನಮ್ಮನ್ನು ಮರುಭೂಮಿಯೊಳಗಿನ ಅವರ ಯಂತ್ರದ ಸುರಂಗಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ತಾಮ್ರದ ಗಣಿಗಳ ಲಾರಿಗಳು. ಸುರಂಗದ ಬಾಯಲ್ಲಿ ನಾನು ಬೂಟು ಬಿಚ್ಚಿ ಒಂದರ ಪಕ್ಕ ಒಂದು ಇಟ್ಟೆ. ಅಲ್ಲಿನ ತಂತ್ರಜ್ಞ ಬೂಟುಗಾಲಲ್ಲೇ ದಡದಡ ನಡೆದು ಹೋದ. ಕೈಯಲ್ಲಿ ಅರ್ಧ ತಿಂದ ರೊಟ್ಟಿ. ನಾನು ತಡೆಯಲಾರದೆ ಮಾರ್ತಾಳಿಗೆ ಹೇಳಿದೆ. ಅವಳು ನಕ್ಕು, ಹೆಜ್ಜೆ ಸದ್ದು ಒಂದು ಗಳಿಗೆಯದು, ಅದರಿಂದ ನಷ್ಟವಿಲ್ಲ. ದಿನವಿಡೀ ನಿಲ್ಲದ ಸದ್ದೇ ತೊಂದರೆ ಎಂದಳು. ನಾನು ಬೂಟು ಹಾಕಿಕೊಳ್ಳಲಿಲ್ಲ. ಆ ಮಾತನ್ನು ಆಗಲೇ ತೂಗಿ ನೋಡಬೇಕಿತ್ತು, ನೋಡಲಿಲ್ಲ.

ಒಳಗೆ ಅವಳು ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಭೂಕಂಪದಲ್ಲಿ ಎರಡು ಬಗೆಯ ಅಲೆಗಳು ಒಳಕ್ಕೆ ಇಳಿಯುತ್ತವೆ. ಒಂದು, ಸಾಲಿನಲ್ಲಿ ನಿಂತ ಹುಡುಗರಲ್ಲಿ ಹಿಂದಿನವನು ಮುಂದಿನವನನ್ನು ತಳ್ಳುತ್ತಾ ಹೋದಂತೆ ಸಾಗುವುದು. ಇದು ಕಲ್ಲಿನಲ್ಲೂ ಹೋಗುತ್ತದೆ, ದ್ರವದಲ್ಲೂ ಹೋಗುತ್ತದೆ. ಇನ್ನೊಂದು ಅಡ್ಡಡ್ಡಲಾಗಿ ಅಲುಗುವುದು. ದ್ರವದೊಳಗೆ ಅದಕ್ಕೆ ದಾರಿಯಿಲ್ಲ. ಭೂಮಿಯ ಆಚೆ ಬದಿಗೆ ಎರಡನೆಯದು ನೇರವಾಗಿ ಬರಲೇ ಇಲ್ಲ. ಆದ್ದರಿಂದ ಒಳಗೆ ಕರಗಿದ ಲೋಹ ಇರಬೇಕೆಂದು ತಿಳಿಯಿತು. ಮೊದಲನೆಯದರ ಒಂದು ಕ್ಷೀಣ ಅಲೆ ಬರಬಾರದ ಜಾಗಕ್ಕೆ ಬಂತು. ಆದ್ದರಿಂದ ಆ ದ್ರವದ ನಡುವೆ ಗಟ್ಟಿ ಗೋಳವೊಂದು ಇರಬೇಕೆಂದು ತಿಳಿಯಿತು. ಯಾರೂ ಹೋಗಿ ನೋಡಿಲ್ಲ, ಹೋಗಲಾರರು. ಬಂದ ಹೊತ್ತು, ಬಾರದ ಜಾಗ, ಇಷ್ಟರಿಂದಲೇ ಕಂಡುಕೊಂಡದ್ದು. ಹಾಜರಿ ಕರೆಯುವ ಕೆಲಸ ಮಾಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಯಾರು ಬಂದರು ಎಂಬುದರಷ್ಟೇ ಯಾರು ಬರಲಿಲ್ಲ ಎಂಬುದೂ ಸುದ್ದಿ.

ಆ ಒಳಗೋಳದಲ್ಲಿ ಅಲೆ ಒಂದು ದಿಕ್ಕಿಗೆ ತುಸು ಬೇಗ, ಇನ್ನೊಂದು ದಿಕ್ಕಿಗೆ ತುಸು ತಡವಾಗಿ ಹೋಗುತ್ತದಂತೆ. ಯಾಕೆಂದು ತಿಳಿಯಬೇಕಾದರೆ ಅದನ್ನು ಹಾದು ಬಂದ ಅಲೆಗಳು ಬೇಕು. ಅದಕ್ಕೆ ಭೂಮಿಯ ಈ ಬದಿಯಲ್ಲಿ ನಡುಕ, ಆ ಬದಿಯಲ್ಲಿ ಕಿವಿ ಬೇಕು. ಚಿಲಿ ನಡುಕ. ಕಿವಿಗಳಲ್ಲಿ ಒಂದು ನಮ್ಮ ಗುಡ್ಡ. ಮಾರ್ತಾ ನಮ್ಮ ಗುಡ್ಡಕ್ಕೆ ಮೊದಲ ವರ್ಷ ಬಂದ ಒಂದು ಅಲೆಯನ್ನು ತೋರಿಸಿದಳು. ನೀಟಾದ ಗೆರೆ, ನಡುವೆ ಒಂದು ಚೂಪು ತಿರುವು. ಭೂಮಿಯ ನಟ್ಟನಡುವಿನ ಗೋಳವನ್ನು ಮುಟ್ಟಿ ಬಂದದ್ದು. ನನಗೆ ಎದೆ ತುಂಬಿತು. ಇಷ್ಟು ಬೇಕಾದ ಯಂತ್ರವನ್ನು ಯಾರು ಎತ್ತುತ್ತಾರೆ ಎಂದು ಧೈರ್ಯವಾಯಿತು.

ಪುಟ್ಟಮಾದೇಗೌಡ ಪರದೆಯ ಹತ್ತಿರ ಬಾಗಿ, ತನ್ನದು ಯಾವುದು ಎಂದು ಬೆರಳಲ್ಲಿ ಕೇಳಿದ. ತೋರಿಸಿದರು. "ನಮ್ದೂ ಕೆಲ್ಸ ಮಾಡ್ತಿತ್ತಾ?" ಅಂದ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದ.

ಸಭೆ

ಕ್ವಾರಿಯ ವಿಚಾರಕ್ಕೆ ನಾನು ಕೈಕಟ್ಟಿ ಕುಳಿತವನಲ್ಲ. ತಾಲ್ಲೂಕಿಗೆ, ಜಿಲ್ಲೆಗೆ ಮನವಿ ಕೊಟ್ಟು ಸಾಕಾಗಿತ್ತು. ಯಂತ್ರ ಬಂದ ಮೇಲೆ ದಾರಿಯೊಂದು ತೆರೆಯಿತು ಎಂದುಕೊಂಡಿದ್ದೆ. ಯಂತ್ರದ ಹತ್ತಿರ ಗದ್ದಲವಾದರೆ ಫೋನಿನಲ್ಲಿ ಸಂದೇಶ ಕಳುಹಿಸಿ ಎಂದು ಯೋಜನೆಯವರೇ ಹೇಳಿದ್ದರು. ಅಂದಿನಿಂದ ಸಿಡಿತವಾದ ದಿನವೆಲ್ಲ, ಕ್ರಷರ್ ಓಡಿದ ಹೊತ್ತೆಲ್ಲ ಬರೆದು ಕಳುಹಿಸಿದೆ. ಜ್ವರದಲ್ಲಿ ಮಲಗಿದ್ದಾಗಲೂ ಬಿಡಲಿಲ್ಲ. ಪ್ರತಿಯೊಂದರ ಕೊನೆಗೂ, ನಮ್ಮ ಕಚೇರಿಗಳ ರೂಢಿಯಂತೆ, ಮುಂದಿನ ಕ್ರಮಕ್ಕಾಗಿ ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ. ಮೇಲಿನವರಿಗೆ ತಿಳಿಸುವುದೆಂದರೆ ನಮ್ಮಲ್ಲಿ ಕೇಳಿಕೊಳ್ಳುವುದೇ. ಪರಿಹಾರ ಬೇಡದಿದ್ದರೆ ಯಾರು ಬರೆಯುತ್ತಾರೆ? ಹೊರದೇಶದವರು ಒಂದು ದಿನ ನಮ್ಮ ಸರ್ಕಾರಕ್ಕೆ ಗಟ್ಟಿಯಾಗಿ ಹೇಳುತ್ತಾರೆ ಎಂದು ಕಾದಿದ್ದೆ.

ಸಭೆಯಲ್ಲಿ ಮೊದಲು ನನ್ನ ಹೆಸರನ್ನೇ ಕರೆದರು. ಎಲ್ಲ ದೇಶಗಳಲ್ಲಿ ಯಂತ್ರ ನೋಡಿಕೊಂಡವರ ಪೈಕಿ ಇಷ್ಟು ಕ್ರಮವಾಗಿ ವರದಿ ಕೊಟ್ಟವರು ಬೇರೆ ಯಾರೂ ಇಲ್ಲ ಎಂದು ಮಾರ್ತಾ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುರಂಗದಲ್ಲಿ ನೋಡಿದ ಆ ಗೆರೆಯನ್ನು ದೊಡ್ಡದಾಗಿ ಮುದ್ರಿಸಿ, ಗಾಜಿನ ಚೌಕಟ್ಟು ಹಾಕಿಸಿ, ನನ್ನ ಕೈಗೆ ಕೊಟ್ಟರು. ಕೆಳಗೆ ನಮ್ಮೂರಿನ ಹೆಸರಿತ್ತು. ಗೌಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಮೇಲೆ ಪರದೆಯ ಮೇಲೆ ಭೂಪಟ ಬಂತು. ಉಳಿಯುವ ಯಂತ್ರಗಳಿಗೆ ಹಸಿರು ಚುಕ್ಕೆ, ಎತ್ತುವವಕ್ಕೆ ಕೆಂಪು. ದೊಡ್ಡಆಲಹಳ್ಳಿ ಹಸಿರು. ನಮ್ಮ ಗುಡ್ಡ ಕೆಂಪು.

ನಾನು ಚೌಕಟ್ಟನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತೆ. ಏನೋ ತಪ್ಪಾಗಿದೆ ಎಂದೆ. ತಪ್ಪಿಲ್ಲ ಎಂದು ಮಾರ್ತಾ ಮೆಲ್ಲಗೆ ವಿವರಿಸಿದಳು. ಗದ್ದಲದಲ್ಲಿ ಒಳಗೋಳದ ಕ್ಷೀಣ ಅಲೆ ಮುಳುಗಿಹೋಗುತ್ತದೆ. ಕೆಲವು ಕಡೆ ಗದ್ದಲ ಎಲ್ಲಿಂದ ಬರುತ್ತಿದೆ, ಇನ್ನೆಷ್ಟು ಕಾಲ ಇರುತ್ತದೆ ಎಂದೇ ಅವರಿಗೆ ತಿಳಿಯುವುದಿಲ್ಲವಂತೆ; ಅಂಥ ಕಡೆ ಕಾದು ನೋಡುತ್ತಾರಂತೆ. ನಮ್ಮ ಗುಡ್ಡದ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಕ್ವಾರಿ ಬೆಳೆಯುತ್ತಿದೆ, ನಿಲ್ಲುವುದಿಲ್ಲ ಎಂದು ನನ್ನ ವರದಿಗಳೇ ಸ್ಪಷ್ಟ ಮಾಡಿದ್ದವು. ಅದಕ್ಕಾಗಿ ಮತ್ತೊಮ್ಮೆ ಧನ್ಯವಾದ ಎಂದಳು.

"ಅವು ವರದಿಯಲ್ಲ, ದೂರು" ಎಂದೆ.

"ನಾವು ಅವನ್ನು ಮಾಹಿತಿ ಎಂದೇ ಓದಿದೆವು" ಎಂದಳು.

ಹಾಗಾದರೆ ನಮ್ಮ ಜಿಲ್ಲಾಡಳಿತಕ್ಕೆ ಒಂದು ಮಾತು ಹೇಳಿ, ಯಂತ್ರ ಹೋದರೆ ಗುಡ್ಡ ಹೋಗುತ್ತದೆ, ಮನೆಗಳು ಹೋಗುತ್ತವೆ ಎಂದು ಬೇಡಿಕೊಂಡೆ. ಜೀವನದಲ್ಲಿ ನಾನು ಯಾರ ಮುಂದೆಯೂ ದನಿ ತಗ್ಗಿಸಿದವನಲ್ಲ, ಅಲ್ಲಿ ತಗ್ಗಿಸಿದೆ. ಅವಳ ಮುಖದಲ್ಲಿ ಸಂಕಟವಿತ್ತು, ಅದನ್ನು ಇಲ್ಲವೆನ್ನಲಾರೆ. ನಾವು ನಿಮ್ಮ ದೇಶದಲ್ಲಿ ಅತಿಥಿಗಳು, ಅಂಥ ವಿಷಯಕ್ಕೆ ಬಾಯಿ ಹಾಕಿದರೆ ಉಳಿದ ಯಂತ್ರಗಳಿಗೂ ಅನುಮತಿ ಹೋಗುತ್ತದೆ ಎಂದಳು. ಯಂತ್ರವನ್ನು ಇಟ್ಟದ್ದು ಭೂಮಿಯ ಒಳಗನ್ನು ಕೇಳಲು, ಗುಡ್ಡವನ್ನು ಕಾಯಲು ಅಲ್ಲ ಎಂದಳು. ಎರಡೂ ನಿಜ. ನಿಜ ಎಂಬ ಕಾರಣಕ್ಕೆ ನಾನು ಕ್ಷಮಿಸಬೇಕಾಗಿಲ್ಲ.

ನಮ್ಮ ಕಚೇರಿಗಳಲ್ಲಿ ನಾನು ಕೊಟ್ಟದ್ದನ್ನು ಯಾರೂ ಓದಲಿಲ್ಲ. ಅಲ್ಲಿ ಒಂದಕ್ಷರ ಬಿಡದೆ ಓದಿದರು. ಓದದವರ ಕೈಯಲ್ಲಿ ಗುಡ್ಡ ಇಷ್ಟು ದಿನ ಉಳಿದೇ ಇತ್ತು. ಮುಂದಿನ ಕ್ರಮಕ್ಕಾಗಿ ಎಂದು ನಾನೇ ಕೇಳಿದ್ದೆ, ಅವರು ಕೈಗೊಂಡರು.

ಸಂಜೆ ಎಲ್ಬಾಳ ಮನೆಯ ಮೆಟ್ಟಿಲ ಮೇಲೆ ಗೌಡ ನನ್ನ ಪಕ್ಕ ಬಂದು ಕುಳಿತ. ಅವನಿಗೆ ಸಮಾಧಾನ ಹೇಳಲು ಬರುವುದಿಲ್ಲ. "ದಿನಾ ಹೋಗಿ ಇಲ್ ನೋವೈತೆ, ಇಲ್ ನೋವೈತೆ ಅಂದ್ರೆ ಡಾಕುಟ್ರು ಕುಯ್ದೇ ಬುಡ್ತಾನೆ ಮೇಷ್ಟ್ರೇ. ನೀವ್ ಒಸಿ ಸುಮ್ಕಿರ್ಬೇಕಿತ್ತು" ಅಂದ.

"ನೀನು ಸುಮ್ಮನಿದ್ದೆಯಲ್ಲ, ಹಸಿರು ಚುಕ್ಕೆ ಬಂತು" ಎಂದೆ.

"ನಾನ್ಯಾಕ್ ಸುಮ್ಕಿದ್ದೆ, ನಮ್ಮಟ್ಟಿ ತಾವ ಫೋನೇ ಹತ್ತಕಿಲ್ಲ" ಅಂದು ಪೆಟ್ಟಿಗೆಯಿಂದ ಚಟ್ನಿಪುಡಿಯ ಪೊಟ್ಟಣ ತಂದು ನಡುವೆ ಇಟ್ಟ. ಆ ದಿನ ನಾನು ತಿಂದೆ. ಜಯಮ್ಮನದಷ್ಟು ಖಾರವಿರಲಿಲ್ಲ.

ತಿಂಡಿಯ ಹೊತ್ತಿನ ನಡುಕ

ಹೊರಡುವ ದಿನ ಬೆಳಿಗ್ಗೆ ತಿಂಡಿಗೆ ಕುಳಿತಿದ್ದೆವು. ಮೊದಲು ಹೊರಗೆ ನಾಯಿಗಳು ಸುಮ್ಮನಾದವು. ಆಮೇಲೆ ಭಾರಿ ಲಾರಿಯೊಂದು ಮನೆಯ ಕೆಳಗೇ ಹಾದುಹೋದಂತೆ ಸದ್ದು. ಮೇಜು ಜರುಗಿತು. ಹಲಗೆಯ ಮೇಲಿನ ಲೋಟಗಳೆಲ್ಲ ಒಟ್ಟಿಗೆ ತಂತಿಗೆ ಬಂದು ತಾಗಿ ಕಿಣಿಕಿಣಿ ಎಂದವು. ಎಲ್ಬಾ ಒಂದು ಕೈಯಲ್ಲಿ ಹಾಲಿನ ಪಾತ್ರೆಯನ್ನು ಹಿಡಿದು, ಇನ್ನೊಂದು ಕೈಯನ್ನು ನನ್ನ ಬಟ್ಟಲಿನ ಮೇಲೆ ಮುಚ್ಚಿ, ತಲೆಯೆತ್ತಿ ದೀಪದ ಓಲಾಟ ನೋಡುತ್ತಾ ನಿಂತಳು. ಓಲಾಟ ತಗ್ಗಿತು. ಅವಳು ಹಾಲು ಬಗ್ಗಿಸಿದಳು.

ಗೌಡ ಬಾಗಿಲ ಚೌಕಟ್ಟನ್ನು ಅಪ್ಪಿಕೊಂಡಿದ್ದ. "ಮೇಷ್ಟ್ರೇ, ನಿಮ್ ಕ್ವಾರಿಯೋರು ಇಲ್ಗೂ ಬಂದ್ಬುಟ್ರಾ?" ಅಂದ. ಆ ಪ್ರವಾಸದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಸಭೆ ನಡೆದ ಸಂಸ್ಥೆ ಎದುರು ಬೀದಿಯಲ್ಲೇ ಇತ್ತು. ನಡುಕ ಸಾಕಷ್ಟು ದೊಡ್ಡದು, ಒಳಗೋಳವನ್ನು ಹಾದು ನಿಮ್ಮೂರಿಗೂ ಹೋಗುತ್ತದೆ, ಬಂದು ನೋಡಿ ಎಂದು ಮಾರ್ತಾ ಕರೆಸಿದಳು. ಹೋಗಬಾರದೆಂದುಕೊಂಡೇ ಹೋದೆ. ಪರದೆಯ ಮೇಲೆ ಉಪಗ್ರಹದ ಮೂಲಕ ಬರುವ ಎರಡು ಗೆರೆ ಹಾಕಿಟ್ಟಿದ್ದಳು, ದೊಡ್ಡಆಲಹಳ್ಳಿಯದು ಮೇಲೆ, ನಮ್ಮದು ಕೆಳಗೆ. ಕಾಲ ಕೆಳಗಿನ ಆ ನಡುಕ ಈಗ ಕರಗಿದ ಲೋಹದಲ್ಲಿ ಇಳಿಯುತ್ತಿರಬೇಕು, ಈಗ ಗೋಳದೊಳಗೆ, ಈಗ ಏರುತ್ತಿರಬೇಕು ಎಂದು ನಿಂತು ಲೆಕ್ಕ ಹಾಕಿದೆ.

ಮೇಲಿನ ಗೆರೆ ಸುಮ್ಮನೆ ಸಾಗುತ್ತಿದ್ದದ್ದು ಒಂದು ಕಡೆ ಚೂಪಾಗಿ ತಿರುಗಿತು. ಚಂದ್ರಿಕೆಗಳ ನಡುವೆ, ಕುಡುಗೋಲಿನ ಕೆಳಗೆ ಕುಳಿತ ಯಂತ್ರ ಅಲೆಯನ್ನು ಹಿಡಿದಿತ್ತು.

ಕೆಳಗಿನ ಗೆರೆಯಲ್ಲಿ ತಿರುವೇ ಕಾಣಲಿಲ್ಲ. ನಮ್ಮಲ್ಲಿ ಆಗ ಇಳಿಹೊತ್ತು. ಕ್ರಷರ್ ಓಡುವ ಸಮಯ. ಗೆರೆಯುದ್ದಕ್ಕೂ ಬರಿ ಗೀಚು, ಸ್ಲೇಟಿನ ಮೇಲೆ ಸಿಟ್ಟಿನ ಮಗು ಬಳಪ ತಿಕ್ಕಿದ ಹಾಗೆ. ಮಾರ್ತಾ ಏನೇನೋ ಸೋಸಿ ನೋಡಿದಳು. ಗೀಚು ತೆಳುವಾಯಿತೇ ಹೊರತು ಅಲೆ ಸಿಗಲಿಲ್ಲ. ಭೂಮಿಯ ನಡುವನ್ನು ದಾಟಿ ಬಂದದ್ದು ನಮ್ಮ ಗುಡ್ಡದ ಬುಡದಲ್ಲಿ, ಜಲ್ಲಿ ಒಡೆಯುವ ಸದ್ದಿನೊಳಗೆ ಎಲ್ಲೋ ಹೋಯಿತು.

ಗೌಡ ನನ್ನ ಭುಜದ ಮೇಲೆ ಕೈಯಿಟ್ಟ. "ಬನ್ನಿ ಮೇಷ್ಟ್ರೇ, ವಿಮಾನಕ್ ಹೊತ್ತಾಯ್ತದೆ" ಅಂದ. ಹೊತ್ತಿನ ಮಾತನ್ನು ಅವನು ನನಗೆ ಹೇಳಬೇಕಾಗಿ ಬಂದದ್ದು ಅದೇ ಮೊದಲು.

ಮನೆ

ಮಳೆಗಾಲಕ್ಕೆ ಮುಂಚೆಯೇ ಇಬ್ಬರು ಬಂದು ಯಂತ್ರವನ್ನು ಎತ್ತಿಕೊಂಡು ಹೋದರು. ಸಭ್ಯರು, ನಾನು ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟಿದ್ದರು. ಯಂತ್ರ ಕುಳಿತಿದ್ದ ಬಂಡೆಯ ಮೇಲೆ ಚೌಕಾಕಾರದ ಸ್ವಚ್ಛ ಜಾಗವೊಂದು ಉಳಿಯಿತು. ಕೆಲವು ದಿನಗಳಲ್ಲಿ ಗುತ್ತಿಗೆದಾರನ ಆಳುಗಳು ನಮ್ಮ ಬದಿಯ ಗುಡ್ಡವನ್ನು ಅಳೆಯುತ್ತಾ ಸುಣ್ಣದ ಗುರುತು ಹಾಕಿದರು. ಟೇಪಿನ ಒಂದು ತುದಿಯನ್ನು ಅವರು ಕಲ್ಲುಮನೆಯ ಬಾಗಿಲಿಗೇ ಸಿಕ್ಕಿಸಿದ್ದರು.

ಊರಿನವರು ನನ್ನ ಎದುರಿಗೆ ಏನೂ ಅನ್ನುವುದಿಲ್ಲ. ಡೇರಿಗೆ ಹಾಲು ಹಾಕಲು ಹೋದಾಗ ಮಾತು ನಿಲ್ಲುತ್ತದೆ. ಚಿಲಿಗೆ ಹೋದ ಮೇಷ್ಟ್ರು ಮಿಸೀನು ಕಳೆದು ಫೋಟೋ ತಂದರು ಎಂದು ಯಾರೋ ಆಡಿದ್ದು ಜಯಮ್ಮನ ಕಿವಿಗೂ ಬಿದ್ದಿದೆ. ಭೂಮಿಯ ನಡುವಿನ ಗೋಳದ ಬಗ್ಗೆ ಶಾಲೆಯಲ್ಲಿ ನಾಲ್ಕು ಮಾತು ಹೇಳಿ ಎಂದು ಹೆಡ್ಮಾಸ್ಟರು ಕರೆದಿದ್ದರು. ಹೋಗಿ ಹೇಳಿ ಬಂದೆ. ಮಕ್ಕಳು ಗೂಡು ಅಲ್ಲಾಡಿಸಿ ಕೇಳಿದರು. ಶಾಲೆಯ ಗೋಡೆಯಲ್ಲೂ ಬಿರುಕಿದೆ.

ನಾನು ಊರಿಗೆ ಮರಳಿದ ದಿನ ಜಯಮ್ಮ ಚೌಕಟ್ಟಿಗೆ ಸುತ್ತಿದ್ದ ಕಾಗದ ಬಿಚ್ಚಿ ನೋಡಿದಳು. ಇದೇನು ಗೆರೆ ಎಂದಳು. ಹೇಳಿದೆ. ಅಷ್ಟು ದೂರದಿಂದ ಬಂದದ್ದೇ ಎಂದು ಬೆರಳಿನಿಂದ ತಿರುವನ್ನು ಮುಟ್ಟಿದಳು. ಯಂತ್ರದ ವಿಷಯ ಕೇಳಲಿಲ್ಲ, ನನ್ನ ಮುಖದಲ್ಲೇ ಓದಿಕೊಂಡಿರಬೇಕು. ಆಮೇಲೆ ಸ್ಟೂಲು ಹಾಕಿಕೊಂಡು ನಡುಮನೆಯ ಗೋಡೆಗೆ ಮೊಳೆ ಹೊಡೆದಳು, ಬಿರುಕು ಎಲ್ಲಿ ಅಗಲವಾಗಿದೆಯೋ ಸರಿಯಾಗಿ ಅದರ ಮೇಲೆ. ಚೌಕಟ್ಟು ಅದನ್ನು ಪೂರ್ತಿ ಮುಚ್ಚುವುದಿಲ್ಲ, ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು ಕಾಣುತ್ತದೆ.

ಮಧ್ಯಾಹ್ನದ ಸಂದೇಶ ಕಳುಹಿಸಲು ಈಗ ಆ ಕಡೆ ಯಾರೂ ಇಲ್ಲ. ಆದರೆ ಆ ಹೊತ್ತಿಗೆ ಕೈಗೆ ಕೆಲಸವಿಲ್ಲದೆ ಇರಲು ನನಗೆ ಬರುವುದಿಲ್ಲ. ಸೈರನ್ ಊದಿದೊಡನೆ ಜಯಮ್ಮ ಲೋಟಗಳನ್ನು ಇಳಿಸುತ್ತಾಳೆ. ನಾನು ಸ್ಟೂಲು ಹತ್ತಿ ಚೌಕಟ್ಟನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ. ಸಿಡಿತ ಮುಗಿದ ಮೇಲೆ, ಗಾಜಿನ ಮೇಲೆ ಬಿದ್ದ ಸುಣ್ಣದ ಪುಡಿಯನ್ನು ಒರೆಸಿ, ಮತ್ತೆ ಅದೇ ಮೊಳೆಗೆ ಹಾಕುತ್ತೇನೆ. ಮೊಳೆ ಸಡಿಲವಾಗುತ್ತಿದೆ.